ತೊರಗಲ್ ನಾಡಿನ ಬಂದೂಕುಗಳು

೧

ಮಹಾನವಮಿಯ ಖಂಡೇಪೂಜೆಯ ದಿನ ನಮ್ಮ ನಾಡಿನ ಹಳೆಯ ವಾಡೆಗಳಲ್ಲಿ ಅಟ್ಟದ ಮೇಲಿನ ಆಯುಧಗಳನ್ನು ಕೆಳಗಿಳಿಸಿ, ಒರಸಿ, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆಯನ್ನು ಹಾಕಿ ಪೂಜಿಸುವ ವಾಡಿಕೆಯು ಇನ್ನೂ ಪೂರ್ಣವಾಗಿ ಅಳಿದಿಲ್ಲ. ಆ ಸಾಲಿನಲ್ಲಿ ಸಾಮಾನ್ಯವಾಗಿ ಕಾಣತಕ್ಕವುಗಳೆಂದರೆ ಒಂದೆರಡು ಖಡ್ಗಗಳು, ಒಂದು ಗುರಾಣಿ, ಭರ್ಚಿಯ ಅಲಗು, ಮತ್ತು ಬಾಯಿಯಿಂದ ಮದ್ದು ತುಂಬತಕ್ಕ ಉದ್ದ ನಳಿಗೆಯದೊಂದು ಬಂದೂಕು. ಅನುಕೂಲವಂತರ ಮನೆಗಳಲ್ಲಿ ಇವುಗಳ ಮಗ್ಗುಲಲ್ಲಿ, ಮುತ್ತಜ್ಜನವರು ಲೈಸೆನ್ಸು ಪಡೆದು ಕೊಂಡಿದ್ದ ಶಿಕಾರಿಯ ಜೋಡುನಳಿಗೆಯ ಬಂದೂಕೂ ಇರುವುದುಂಟು.

ಇದರಲ್ಲಿ ವಿಶೇಷವೇನು ಎಂದು ವಾಚಕರು ಕೇಳಬಹುದು. ಹಳೆಯ ಬಂದೂಕುಗಳನ್ನು ಸಂಗ್ರಹಿಸುವ ಹವ್ಯಾಸವುಳ್ಳವರು ಯೂರೋಪ ಅಮೇರಿಕಾ ಖಂಡಗಳಲ್ಲಿ ಅನೇಕರಿರುವರು. ಅವರು ಬಹಳ ಆಸೆಯಿಂದ ಹುಡುಕುವ ವಸ್ತುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಮೂವತ್ತು ವರ್ಷಗಳಲ್ಲಿ ಸೈನ್ಯಗಳಿಗೆಂದು ತಯಾರಾದ ಬೋಲ್ಟಿನ ರೈಫಲ್ಲುಗಳು ಮುಖ್ಯವಾದವುಗಳು. ಜರ್ಮನರ ಮೌಸರ್, ಫ್ರೆಂಚರ ಲೆಬೆಲ್, ಇಂಗ್ರೇಜರ ಲೀ-ಮೆಟ್‌ಫರ್ಡ್ ಮೊದಲಾದವು ಅಲ್ಲಿಯ ಸಾಮಾನ್ಯ ಗೃಹಸ್ಥರ ಗೋಡೆಗಳ ಮೇಲೂ ತೂಗುತ್ತಿರುವವು. ನಮ್ಮ ಖಂಡೇಪೂಜೆಯ ಸಾಲು ಮಾತ್ರ ಸುಮಾರು ೧೮೫೦ರ ಬಂದೂಕಿನಿಂದ ಒಮ್ಮೆಲೆ ಶಿಕಾರಿಯ ಬಂದೂಕಿಗೆ ಜಿಗಿಯುತ್ತದೆ. ನಡುವಿನ ಸ್ಥಳವು ತೆರವಾಗಿಯೇ ಇರುವುದು. ಆ ಕಾಲದಲ್ಲಿ ನಮ್ಮವರು ಬಡವರಾಗಿದ್ದುದೂ ಅಂಥ ವಸ್ತುಗಳಲ್ಲಿ ಅಭಿರುಚಿ ಇಲ್ಲದವರಾಗಿದ್ದುದೂ ಇದಕ್ಕೆ ಕಾರಣವೆಂದು ಹೇಳಿದರೆ ಸಾಲದು. ಆ ತೆರವನ್ನು ಬುದ್ಧಿಪೂರ್ವಕವಾಗಿ ಉಂಟುಮಾಡಲಾಯಿತು. ಅದು ಹೇಗೆಂಬುದನ್ನು ವಿಚಾರಿಸುವುದೂ, ಉಳಿದಿರುವ ವಸ್ತುಗಳನ್ನು ನಾವು ಹೇಗೆ ಕಾಯ್ದುಕೊಳ್ಳಬೇಕೆಂಬುದನ್ನು ಸೂಚಿಸುವುದೂ ಪ್ರಕೃತ ಲೇಖನದ ಉದ್ದೇಶವಾಗಿರುತ್ತದೆ.

೨

ಶಾಸನಗಳಲ್ಲಿ ತೊರಗಲೆ ಆರುಸಾಸಿರವೆಂದು ಕರೆಯಲ್ಪಟ್ಟ ಈ ನಾಡು ಮೊದಲಿನಿಂದಲೂ ಕೋಟೆಕೊತ್ತಲಗಳ ನಾಡು. ತೊರಗಲ್ಲು, ರಾಮದುರ್ಗ, ಸವದತ್ತಿ, ಪರಸಗಡ, ಕಿತ್ತೂರು ಇವುಗಳ ಕೋಟೆಗಳನ್ನು ಒಂದು ದಿನದ ಪ್ರವಾಸದಲ್ಲಿ ನೋಡಿ ಬರಬಹುದು. ಈ ಕೋಟೆಗಳನ್ನು ಕಾಯ್ದವರು ಬಹುತೇಕ ಸಂಬಳದ ಸಿಪಾಯಿಗಳಲ್ಲ. ಹೊಲವನ್ನು ಉಣ್ಣುತ್ತ, ಕರೆ ಬಂದಾಗ ಆಯುಧವನ್ನು ಹಿಡಿದು ಹೊರಡುತ್ತಿದ್ದ ಒಕ್ಕಲುಗಳು. ಇಂಥವರನ್ನೇ ಶೇತಸನದಿಗಳೆಂದು ಕರೆಯುತ್ತಿದ್ದರು. ಶೇತವೆಂದರೆ ಹೊಲ, ಸನದಿಯೆಂದರೆ ಆ ಹೊಲಕ್ಕೆ ಸರಕಾರದ ಸನದನ್ನು ಪಡೆದವನು. ಸಂಗೊಳ್ಳಿಯ ರಾಯಣ್ಣನು ಶೇತಸನದಿಯಾಗಿದ್ದನೆಂಬುದು ಸರ್ವವಿದಿತವು. ಆದುದರಿಂದ ಆ ಕಾಲದ ಒಕ್ಕಲಿಗನ ಮನೆಯಲ್ಲಿ ನೇಗಿಲು ಇರುವಷ್ಟು ಸಹಜವಾಗಿ ಬಂದೂಕೂ ಇರುತ್ತಿತ್ತು. ಆಯುಧವು ಅವನ ಜೀವನೋಪಾಯದ ಒಂದು ಅಂಗವೇ ಆಗಿತ್ತು.

ಇಂಥ ಬಂದೂಕು ಹಳ್ಳಿಯವರ ಕೈಯಲ್ಲಿ ಉಳಿದುದಕ್ಕೆ ಅದರ ರಚನೆಯೂ ಕಾರಣವು. ಜಾಮಗಿಯ ಬಂದೂಕಿನಲ್ಲಿ ಹೊತ್ತಿಸಿದ ನೂಲಿನ ಬತ್ತಿಯೂ, ಚಕಮಕಿಯ ಬಂದೂಕಿನಲ್ಲಿ ಕಲ್ಲಿನ ಕಿಡಿಯೂ ಮದ್ದಿಗೆ ಬೆಂಕಿಯನ್ನು ಮುಟ್ಟಿಸುವವು. ಎರಡರಲ್ಲಿಯೂ ಮದ್ದನ್ನು ಬಾಯಿಯಿಂದ ಸುರಿದು, ಗುಂಡನ್ನು ಇಟ್ಟು, ಸಲಾಕೆಯಿಂದ ಜಡಿಯಬೇಕು. ಮದ್ದಿಗೆ ಬೇಕಾಗುವ ಪೆಟ್ಲುಪ್ಪನ್ನು ಹಳ್ಳಿಯ ಮಣ್ಣಿನಿಂದಲೇ ತೆಗೆಯುತ್ತಿದ್ದರು. ಇದ್ದಿಲನ್ನು ಊರಲ್ಲಿಯೇ ಸುಡುತ್ತಿದ್ದರು. ಗಂಧಕವನ್ನಷ್ಟೇ ಪೇಟೆಯಿಂದ ತರಬೇಕಾಗಿತ್ತು. ಸೀಸವನ್ನು ಕರಗಿಸಿ ಗುಂಡು ಎರೆಯುವುದು ಮನೆಯ ಕೆಲಸವು. ಒಡೆದ ಕುದುರೆಯನ್ನು ಊರ ಕಮ್ಮಾರನೇ ಬಡಿದು ಕೂಡಿಸುತ್ತಿದ್ದನು. ಇದನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವುಂಟು. ಬಾಯಿಯಿಂದ ತುಂಬುವ ಬಂದೂಕು ಇದ್ದಷ್ಟು ಕಾಲ, ಯಾವ ದೊರೆಯೂ ಪ್ರಜೆಗಳ ಆಯುಧಶಕ್ತಿಯನ್ನು ಪೂರ್ಣವಾಗಿ ತನ್ನ ಮುಷ್ಟಿಯಲ್ಲಿ ಹಿಡಿಯುವಂತಿರಲಿಲ್ಲ.

೩

೧೮೨೪ನೆಯ ಇಸವಿಯ ಅಕ್ಟೋಬರ ೨೩ರಂದು ಕಿತ್ತೂರ ಕೋಟೆಯ ಮುಂದೆ ನಡೆದ ಕಾಳಗವು ಇದಕ್ಕೆ ಉತ್ತಮ ಸಾಕ್ಷಿಯಾಗಿದೆ. ಧಾರವಾಡದ ಕಲೆಕ್ಟರ ಥ್ಯಾಕರೇ ಸಾಹೇಬನು ಅಲ್ಲಿ ಮಡಿದನು. ಅವನೊಡನೆ ತೋಪಖಾನೆಯ ಅಧಿಕಾರಿಗಳೂ ಬಿದ್ದರು. ಸ್ಟೀವನ್‌ಸನ್, ಎಲಿಯಟ್ ಎಂಬಿಬ್ಬರು ಸೆರೆಸಿಕ್ಕರು. ಥ್ಯಾಕರೆಯನ್ನು ಹೊಡೆದ ಗುಂಡು ಅಮಟೂರ ಬಾಳಪ್ಪನದೆಂದು ನಾಡಿನ ಐತಿಹ್ಯವು ಹೇಳುತ್ತದೆ. ಆ ದಿನ ಎರಡು ಪಕ್ಷದವರ ಕೈಯಲ್ಲಿದ್ದ ಬಂದೂಕುಗಳೂ ಬಾಯಿಯಿಂದ ತುಂಬುವ ಜಾತಿಯವೇ. ಕಂಪನಿಯ ಸಿಪಾಯಿಯ ಚಕಮಕಿ ಬಂದೂಕಿಗೂ ಕಿತ್ತೂರ ಒಕ್ಕಲಿಗನ ಬಂದೂಕಿಗೂ ತಾರತಮ್ಯವಿದ್ದರೂ, ಅದು ದಾಟಲಾರದ ಅಂತರವಾಗಿರಲಿಲ್ಲ. ಮುಂದೆ ಡಿಸೆಂಬರದಲ್ಲಿ ಕಿತ್ತೂರನ್ನು ಸೋಲಿಸಿದುದು ಕಂಪನಿಯ ದೊಡ್ಡ ಸೈನ್ಯವೂ ತೋಪುಗಳೂ. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ತೀರಿಕೊಂಡಳು. ಆ ಬಳಿಕವೂ ರಾಯಣ್ಣನು ಕಾಡುಮೇಡುಗಳಲ್ಲಿ ನಿಂತು ಹೋರಾಡಿ, ೧೮೩೧ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಅರಸೊತ್ತಿಗೆ ಹೋದ ಮೇಲೂ ಹೋರಾಟವು ನಡೆಯಲು ಸಾಧ್ಯವಾದುದು ಆಯುಧಗಳು ಅರಮನೆಯ ಉಗ್ರಾಣದಲ್ಲಿ ಮಾತ್ರ ಇರದೆ ಹಳ್ಳಿಗಳಲ್ಲಿ ಹರಡಿಕೊಂಡಿದ್ದುದರಿಂದ. ಈ ಪಾಠವನ್ನು ಇಂಗ್ರೇಜರು ಮರೆಯಲಿಲ್ಲ.

೪

೧೮೫೭ರ ಬಂಡಾಯದ ಸಮಯದಲ್ಲಿ ಸರಕಾರವು ೨೮ನೆಯ ಕಾಯದೆಯನ್ನು ಮಾಡಿ, ಆಯುಧ ಮತ್ತು ಮದ್ದುಗುಂಡುಗಳನ್ನು ತರಿಸುವುದು, ತಯಾರಿಸುವುದು, ಮಾರುವುದು, ಇಟ್ಟುಕೊಳ್ಳುವುದು ಇವೆಲ್ಲವನ್ನೂ ತನ್ನ ಅಪ್ಪಣೆಗೆ ಒಳಪಡಿಸಿತು. ನಮ್ಮ ಭಾಗದ ಜನರು ಇದನ್ನು ಹತಿಯಾರ ಕಸಿಯುವ ಕಾಯದೆಯೆಂದೇ ತಿಳಿದರು. ಆಗ ಮುಧೋಳ ಸಂಸ್ಥಾನದಲ್ಲಿದ್ದ ಹಲಗಲಿಯ ಬೇಡರು ತಮ್ಮ ಹತಿಯಾರಗಳನ್ನು ಕೊಡಲು ಒಪ್ಪಲಿಲ್ಲ. ೧೮೫೭ರ ನವೆಂಬರದ ಕೊನೆಯಲ್ಲಿ ಇಂಗ್ರೇಜರ ದಂಡು ಆ ಹಳ್ಳಿಯನ್ನು ಮುತ್ತಿ ಸುಟ್ಟಿತು. ಕಾಳಗದಲ್ಲಿ ಬಿದ್ದವರ ಹೊರತಾಗಿ ಸೆರೆಸಿಕ್ಕವರಲ್ಲಿ ೧೯ ಜನರನ್ನು ಗಲ್ಲಿಗೇರಿಸಲಾಯಿತು. ಬೇಟೆಯನ್ನೂ ಕಾವಲನ್ನೂ ಕಸುಬನ್ನಾಗಿ ಉಳ್ಳವರಿಗೆ ಹತಿಯಾರವನ್ನು ಕೊಡುವುದೆಂದರೆ ಅನ್ನವನ್ನೂ ಮಾನವನ್ನೂ ಒಟ್ಟಿಗೆ ಕೊಟ್ಟಂತೆಯೇ ಸರಿ.

ಮರುವರ್ಷ ಬೆಂಕಿಯು ನಮ್ಮ ನೆಲಕ್ಕೇ ಬಂದಿತು. ನರಗುಂದದ ಬಾಬಾಸಾಹೇಬ ಭಾವೆಯವರಿಗೆ ದತ್ತಕದ ಅನುಮತಿಯು ದೊರೆತಿರಲಿಲ್ಲ. ಅದರ ಮೇಲೆ ಕೋಟೆಯ ತೋಪುಗಳನ್ನೂ ಮದ್ದನ್ನೂ ಧಾರವಾಡಕ್ಕೆ ಕಳಿಸಬೇಕೆಂಬ ಒತ್ತಾಯವು ಬಂದಿತು. ೧೮೫೮ರ ಮೇ ೨೯ರ ರಾತ್ರಿ ರಾಮದುರ್ಗದ ಹತ್ತರದ ಸುರೇಬಾನದಲ್ಲಿ ಇಳಿದುಕೊಂಡಿದ್ದ ಪೊಲಿಟಿಕಲ್ ಏಜಂಟ ಮ್ಯಾನ್‌ಸನ್ ಸಾಹೇಬನು ಅವರ ಕಡೆಯವರಿಂದ ಹತನಾದನು. ಜೂನದ ಮೊದಲ ದಿನಗಳಲ್ಲಿ ನರಗುಂದವು ಬಿದ್ದಿತು; ೧೨ನೆಯ ತಾರೀಖಿಗೆ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲಾಯಿತು. ಭಾವೆ ಮನೆತನದ ಇನ್ನೊಂದು ಶಾಖೆಯಾದ ರಾಮದುರ್ಗವು ಇಂಗ್ರೇಜರ ಪಕ್ಷದಲ್ಲಿಯೇ ಉಳಿದುದರಿಂದ ತನ್ನ ಸಂಸ್ಥಾನವನ್ನು ಉಳಿಸಿಕೊಂಡಿತು. ಅದು ೧೯೪೮ರ ಮಾರ್ಚದವರೆಗೆ ಬಾಳಿತು.

ಹಲಗಲಿಯವರ ಕಥೆಯೂ ರಾಯಣ್ಣನ ಕಥೆಯೂ ಲಾವಣಿಗಳಾಗಿ ಊರೂರು ಸುತ್ತಿದವು. ಮುಂಬಯಿ ಇಲಾಖೆಯ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಫ್ಲೀಟ್ ಸಾಹೇಬನು ಇಂಥ ಲಾವಣಿಗಳನ್ನು ಕೂಡಿಹಾಕಿ, ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ೧೮೮೫ರಿಂದ ಮುಂದಿನ ವರ್ಷಗಳಲ್ಲಿ ಪ್ರಕಟಿಸಿದನು. ಹತಿಯಾರಗಳನ್ನು ಕಸಿದ ಸರಕಾರದ ಅಧಿಕಾರಿಯೇ ಹತಿಯಾರದ ಹಾಡುಗಳನ್ನು ಉಳಿಸಿದನೆಂಬುದು ಇತಿಹಾಸದ ಒಂದು ವಿಚಿತ್ರವು.

೫

ನಮ್ಮಲ್ಲಿ ಹೀಗೆ ಆಯುಧಗಳು ಇಳಿಯುತ್ತಿದ್ದ ಕಾಲದಲ್ಲಿಯೇ ಯೂರೋಪಿನಲ್ಲಿ ಬಂದೂಕಿನ ಸ್ವರೂಪವು ಸಂಪೂರ್ಣವಾಗಿ ಬದಲಾಗುತ್ತಲಿತ್ತು. ಪ್ರಶಿಯಾದ ಡ್ರೈಸೆ ಎಂಬವನ ಸೂಜಿಬಂದೂಕನ್ನು ಆ ದೇಶದ ಸೈನ್ಯವು ೧೮೪೧ರಲ್ಲಿಯೇ ಅಂಗೀಕರಿಸಿತ್ತು. ಅದರಲ್ಲಿ ಮದ್ದನ್ನು ಬಾಯಿಯಿಂದ ತುಂಬದೆ, ನಳಿಗೆಯ ಹಿಂಭಾಗವನ್ನು ತೆರೆದು ತೋಟೆಯನ್ನಿಡುವರು. ಇದರ ರಚನೆಯನ್ನು ತಿಳಿಯಲು ನಮ್ಮ ಬಾಗಿಲ ಚಿಲಕವನ್ನು ನೆನೆದರೆ ಸಾಕು. ಚಿಲಕದ ಹಿಡಿಯನ್ನು ಎತ್ತಿ ಹಿಂದಕ್ಕೆ ಎಳೆದರೆ ಬಾಗಿಲು ತೆರೆಯುವುದು. ಮುಂದಕ್ಕೆ ದೂಡಿ ಹಿಡಿಯನ್ನು ಕೆಳಗೆ ಮಡಚಿದರೆ ಭದ್ರವಾಗುವುದು. ಬಂದೂಕಿನ ಬೋಲ್ಟೂ ಹೀಗೆಯೇ ಕೆಲಸಮಾಡುತ್ತದೆ. ಆದುದರಿಂದ ಇದನ್ನು ನಾವು ಚಿಲಕದ ಬಂದೂಕೆಂದು ಕರೆಯೋಣ. ೧೮೬೬ರಲ್ಲಿ ಆಸ್ಟ್ರಿಯದವರು ನಿಂತುಕೊಂಡು ಬಾಯಿಯಿಂದ ಮದ್ದು ತುಂಬುತ್ತಿದ್ದಾಗ, ಪ್ರಶಿಯದವರು ಮಲಗಿದಲ್ಲಿಂದಲೇ ಮೇಲಿಂದ ಮೇಲೆ ಹೊಡೆದು ಗೆದ್ದರು. ಅಂದಿನಿಂದ ಎಲ್ಲ ರಾಷ್ಟ್ರಗಳೂ ಈ ಮಾರ್ಗವನ್ನು ಹಿಡಿದವು. ಫ್ರೆಂಚರ ಶಾಸ್‌ಪೋ ೧೮೬೬ರದು. ಜರ್ಮನಿಯ ಮೌಸರ್ ೧೮೭೧ರದು. ೧೮೮೪ರಲ್ಲಿ ಫ್ರಾನ್ಸಿನ ವಿಯೆಯ್ ಎಂಬ ರಸಾಯನಶಾಸ್ತ್ರಜ್ಞನು ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. ಅದನ್ನು ಬಳಸಿದ ಮೊದಲ ಸೈನಿಕ ರೈಫಲ್ಲು ೧೮೮೬ರ ಲೆಬೆಲ್.

ಇಂಗ್ರೇಜರು ೧೮೭೧ರಿಂದ ಮಾರ್ಟಿನಿ-ಹೆನ್ರಿ ಎಂಬ ಬಂದೂಕನ್ನು ಬಳಸುತ್ತಿದ್ದರು. ಅದು ಚಿಲಕದ್ದಲ್ಲ, ಕೆಳಗಿನ ಸನ್ನೆಯನ್ನು ಒತ್ತಿದರೆ ತೆರೆಯತಕ್ಕದ್ದು, ಒಂದು ಸಲಕ್ಕೆ ಒಂದೇ ತೋಟೆಯದ್ದು. ೧೮೮೮ರ ಡಿಸೆಂಬರದಲ್ಲಿ ಅವರು ಅದರ ಬದಲಿಗೆ ಲೀ-ಮೆಟ್‌ಫರ್ಡನ್ನು ಅಂಗೀಕರಿಸಿದರು. ಸ್ಕಾಟಲಂಡದಲ್ಲಿ ಹುಟ್ಟಿ ಅಮೇರಿಕೆಯಲ್ಲಿ ನೆಲಸಿದ ಜೇಮ್ಸ್ ಪ್ಯಾರಿಸ್ ಲೀ ಎಂಬವನ ಚಿಲಕವೂ ಕೆಳಗಿನ ತೋಟೆಯ ಪೆಟ್ಟಿಗೆಯೂ, ಮೆಟ್‌ಫರ್ಡನು ನಳಿಗೆಯಲ್ಲಿ ಕೊರೆದ ಸುರುಳಿಗೆರೆಗಳೂ ಅದರಲ್ಲಿ ಕೂಡಿದ್ದವು. ನಳಿಗೆಯ ಬಾಯಿಯ ಅಳತೆಯು .೩೦೩ ಇಂಚು. ೧೮೯೧ರಿಂದ ಅದರ ತೋಟೆಯಲ್ಲಿ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂದಿತು. ಅದರ ಗುಂಡಿನ ವೇಗವು ಸೆಕೆಂದಿಗೆ ಸುಮಾರು ೨೦೦೦ ಅಡಿಗಳು. ಆದರೆ ಕಾರ್ಡೈಟಿನ ಕಾವಿಗೆ ಮೆಟ್‌ಫರ್ಡನ ಆಳವಿಲ್ಲದ ಗೆರೆಗಳು ಬೇಗನೆ ಸವೆದವು. ಆದುದರಿಂದ ೧೮೯೫ರಲ್ಲಿ ಎನ್‌ಫೀಲ್ಡ್ ಕಾರಖಾನೆಯವರು ಆಳವಾದ ಗೆರೆಗಳನ್ನು ಕೊರೆದರು. ಬಂದೂಕು ಲೀ-ಎನ್‌ಫೀಲ್ಡ್ ಎನಿಸಿತು. ನಮ್ಮ ಪೋಲೀಸ ಠಾಣೆಗಳಲ್ಲಿ ತಲೆಮಾರುಗಳ ಕಾಲ ನೋಡಿದ, ಜನರು ತ್ರೀ-ನಾಟ್-ತ್ರೀ ಎಂದು ಕರೆಯುವ ರೈಫಲ್ಲು ಈ ವಂಶದ್ದೇ.

ಈ ಬಂದೂಕನ್ನು ಊರ ಕಮ್ಮಾರನು ಮಾಡಲಾರನು. ಅದರ ಹಿತ್ತಾಳೆಯ ತೋಟೆಯನ್ನಾಗಲಿ ಕಾರ್ಡೈಟನ್ನಾಗಲಿ ಮನೆಯಲ್ಲಿ ಸಿದ್ಧಮಾಡುವಂತಿಲ್ಲ. ಇವೆಲ್ಲಕ್ಕೂ ದೊಡ್ಡ ಕಾರಖಾನೆಗಳೇ ಬೇಕು. ಹಿಂದುಸ್ಥಾನದಲ್ಲಿ ಅವು ಪುಣೆಯ ಹತ್ತರದ ಖಡಕಿ, ನೀಲಗಿರಿಯ ಅರುವಂಕಾಡು, ಕಲಕತ್ತೆಯ ಹತ್ತರದ ಇಶಾಪುರಗಳಲ್ಲಿ ಸರಕಾರದವೇ ಆಗಿ ನಿಂತವು. ಮದ್ದು ತುಂಬುವ ಬಂದೂಕು ಹಳ್ಳಿಯ ಆಯುಧವಾಗಿದ್ದರೆ ಚಿಲಕದ ಬಂದೂಕು ಪ್ರಭುತ್ವದ ಆಯುಧವಾಯಿತು. ಕಾಯದೆಯು ಅರ್ಧ ಮಾಡಿದ ಕೆಲಸವನ್ನು ಯಂತ್ರವು ಪೂರ್ಣಗೊಳಿಸಿತು.

೬

ಇಷ್ಟಾದರೂ ಸರಕಾರಕ್ಕೆ ನೆಮ್ಮದಿಯಾಗಲಿಲ್ಲ. ೧೮೫೭ರ ತರುವಾಯ ಹಿಂದೀ ಸಿಪಾಯಿಗಳಿಗೆ ಗೆರೆಕೊರೆದ ಎನ್‌ಫೀಲ್ಡ್ ಬಂದೂಕಿನ ಬದಲಿಗೆ, ಹೊರಗಿನಿಂದ ಅದರಂತೆಯೇ ಕಾಣುವ, ಆದರೆ ನಳಿಗೆಯೊಳಗೆ ಗೆರೆಗಳಿಲ್ಲದ ಬಂದೂಕನ್ನು ಮಾಡಿಸಿ ಕೊಟ್ಟರು. ಗೆರೆಗಳಿಲ್ಲದ ನಳಿಗೆಯಿಂದ ಹೊರಟ ಗುಂಡು ದೂರದ ಗುರಿಯನ್ನು ನೇರವಾಗಿ ಮುಟ್ಟದು. ಅಲ್ಲಿಂದ ಮುಂದೆ ಗೋರಾ ಸೋಲ್ಜರನಿಗೆ ಹೊಸ ಬಂದೂಕು ಬಂದಾಗಲೇ ಅವನ ಹಳೆಯದು ಸಿಪಾಯಿಗೆ ಇಳಿಯುವುದು ಪದ್ಧತಿಯಾಯಿತು. ೧೮೯೭-೯೮ರ ತೀರಾ ದಂಡಯಾತ್ರೆಯಲ್ಲಿ ಗೋರಾ ಪಲ್ಟಣಗಳು ಲೀ-ಮೆಟ್‌ಫರ್ಡನ್ನು ಹಿಡಿದಿದ್ದರೆ, ಅವರ ಮಗ್ಗುಲಲ್ಲಿ ಕಾದಾಡುತ್ತಿದ್ದ ಸಿಪಾಯಿಗಳು ಹೊಗೆಯುಗುಳುವ ಮಾರ್ಟಿನಿಯನ್ನು ಹಿಡಿದಿದ್ದರು. ಸ್ವಂತ ಸೈನಿಕನಿಗೇ ಒಂದು ಪೀಳಿಗೆ ಹಿಂದಿನ ಆಯುಧವಾದ ಮೇಲೆ ಪ್ರಜೆಯ ಮಾತನ್ನು ಹೇಳತಕ್ಕದ್ದೇನು!

೧೮೭೮ರಲ್ಲಿ ಲಿಟನ್ ಪ್ರಭುವಿನ ಆಳಿಕೆಯಲ್ಲಿ ೧೧ನೆಯ ಕಾಯದೆಯಾಗಿ ಶಸ್ತ್ರಗಳ ಕಾಯದೆಯು ಬಂದಿತು. ದೇಶಭಾಷೆಯ ಪತ್ರಿಕೆಗಳ ಬಾಯಿಗೆ ಬೀಗ ಹಾಕಿದ ಕಾಯದೆಯೂ ಅದೇ ವರ್ಷದ್ದೆಂಬುದನ್ನು ಇಲ್ಲಿ ನೆನೆಯಬೇಕು. ಲೈಸೆನ್ಸು ಇಲ್ಲದೆ ಹಿಂದೀ ಪ್ರಜೆಯು ಬಂದೂಕನ್ನು ಇಡಕೂಡದು. ಯೂರೋಪಿಯನ್ನರಿಗೆ ಮಾತ್ರ ವಿನಾಯಿತಿ. ೧೮೮೭ರಲ್ಲಿ ಮದ್ರಾಸಿನಲ್ಲಿ ಕೂಡಿದ ಕಾಂಗ್ರೆಸ್ಸು ಈ ಕಾಯದೆಯನ್ನು ಸಡಿಲಿಸಬೇಕೆಂದು ಠರಾವು ಮಾಡಿತು. ಆದರೂ ನಿರ್ಬಂಧವು ಮತ್ತಷ್ಟು ಬಿಗಿಯಾಯಿತು. ದಂಡಿನ ತೋಟೆಗಳು ಹೊರಗಿನವರ ಕೈಸೇರಬಾರದೆಂದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ .೪೫೦ ಅಳತೆಯ ಶಿಕಾರಿ ರೈಫಲ್ಲುಗಳನ್ನು ಸಹ ದೇಶದೊಳಗೆ ತರುವುದನ್ನು ನಿಷೇಧಿಸಿದರು. ಯಾಕಂದರೆ ಅದು ಮಾರ್ಟಿನಿಯ ಅಳತೆ. ವಿಲಾಯತಿಯ ಬಂದೂಕುಗಾರರು ಹಿಂದುಸ್ಥಾನದ ರಾಜರಿಗೂ ಸಾಹೇಬರಿಗೂ ಮಾರಲಿಕ್ಕೆಂದೇ .೪೭೦, .೪೬೫ ಮುಂತಾದ ಹೊಸ ಅಳತೆಗಳನ್ನು ಹುಟ್ಟಿಸಬೇಕಾಯಿತು. ಇಂದು ಸಂಗ್ರಾಹಕರು ಆ ಅಳತೆಗಳನ್ನು ಶಿಕಾರಿಯ ವೈಭವದ ಗುರುತುಗಳೆಂದು ಕೊಂಡಾಡುವರು. ಅವುಗಳ ಜನ್ಮಕ್ಕೆ ಕಾರಣವು ಪ್ರಜೆಗಳ ಮೇಲಿನ ಅವಿಶ್ವಾಸವೆಂಬುದನ್ನು ಬಲ್ಲವರು ಕೆಲವರೇ.

ಹೀಗಾಗಿ ಸಿರಸಂಗಿಯಂಥ ದೊಡ್ಡ ದೇಸಗತಿಯಾಗಲಿ, ತೊರಗಲ್ಲಿನ ಶಿಂದೆಯವರಂಥ ಜಹಗೀರದಾರರಾಗಲಿ ಶಿಕಾರಿಯ ಬಂದೂಕಿಗೆ ಅಪ್ಪಣೆಯನ್ನು ಪಡೆಯಬಹುದಾಗಿದ್ದ ಕಾಲದಲ್ಲಿ, ದಂಡಿನ ಚಿಲಕದ ಬಂದೂಕು ಮನೆಯ ಆಯುಧವಾಗಿ ನಮ್ಮ ಹೊಸ್ತಿಲನ್ನು ದಾಟಿ ಬರುವ ಮಾರ್ಗವೇ ಇರಲಿಲ್ಲ.

೭

ಹಾಗಾದರೆ ಈ ನಾಡಿನ ಮನುಷ್ಯನು ಆ ಬಂದೂಕನ್ನು ಮುಟ್ಟಲೇ ಇಲ್ಲವೇ? ಮುಟ್ಟಿದನು, ಆದರೆ ಪರರದನ್ನಾಗಿ ಮುಟ್ಟಿದನು. ಬೆಳಗಾವಿಯು ಹಿಂದಿನಿಂದಲೂ ದಂಡಿನ ಊರು. ಇಂದಿಗೂ ಮರಾಠಾ ಲಘು ಪದಾತಿದಳದ ಕೇಂದ್ರವು ಅಲ್ಲಿಯೇ ಇದೆ. ಮೊದಲನೆಯ ಮಹಾಯುದ್ಧದಲ್ಲಿ ಮರಾಠಾ ಪಲ್ಟಣಗಳು ಮೆಸೊಪೊಟೇಮಿಯದಲ್ಲಿ ಕಾದಿದವು. ೧೯೧೬ರ ಏಪ್ರಿಲದಲ್ಲಿ ಕುತ್ ಎಂಬಲ್ಲಿ ಹಸಿವೆಯಿಂದ ಕಂಗೆಟ್ಟು ತುರ್ಕರಿಗೆ ಸೆರೆಸಿಕ್ಕವರಲ್ಲಿ ಆ ಪಲ್ಟಣಗಳವರೂ ಇದ್ದರು. ಹೀಗೆ ದಂಡಿಗೆ ಹೋಗಿ ತಿರುಗಿ ಬಂದವರ ಮನೆಗಳಲ್ಲಿ ಪದಕಗಳು ಉಳಿದವು, ಪಿಂಚಣಿಯ ಕಾಗದಗಳು ಉಳಿದವು. ಬಂದೂಕು ಮಾತ್ರ ಎಣಿಸಿದ ಅಂಕೆಯೊಂದಿಗೆ ಉಗ್ರಾಣಕ್ಕೆ ಮರಳಿತು. ಯೂರೋಪಿನ ಮುದುಕನು ತನ್ನ ಅಜ್ಜನ ಮೌಸರನ್ನು ತೋರಿಸಿದಂತೆ ನಮ್ಮವನು ಅಜ್ಜನ ಲೀ-ಎನ್‌ಫೀಲ್ಡನ್ನು ತೋರಿಸಲಾರನು. ಅಜ್ಜನ ಪದಕವನ್ನು ತೋರಿಸುವನು.

ನಾಡಿನೊಳಗೆ ಬಂದೂಕು ಕಂಡುದು ಪೋಲೀಸರ ಹೆಗಲ ಮೇಲೆ. ೧೯೩೯ರ ಏಪ್ರಿಲದಲ್ಲಿ ರಾಮದುರ್ಗ ಸಂಸ್ಥಾನದ ಪ್ರಜಾಚಳುವಳಿಯು ರಕ್ತಪಾತದಲ್ಲಿ ಮುಗಿದ ದುರಂತವನ್ನು ಹಿರಿಯರಿಂದ ಕೇಳಿದವರು ಬಹಳ ಜನರಿದ್ದಾರೆ. ಗುಂಡು ಹಾರಿತು, ರೊಚ್ಚಿಗೆದ್ದ ಗುಂಪಿನಿಂದ ಪೋಲೀಸರೂ ಹತರಾದರು, ಮಹಾತ್ಮಾ ಗಾಂಧಿಯವರು ಆ ಹಿಂಸೆಯನ್ನು ಖಂಡಿಸಿ ಬರೆದರು. ಬಂದೂಕು ಒಂದೇ ಪಕ್ಷದಲ್ಲಿದ್ದ ಮಾತ್ರಕ್ಕೆ ಶಾಂತಿಯು ನೆಲಸುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತರದ ನಿದರ್ಶನವು ನಮಗೆ ಬೇಕಾಗಿಲ್ಲ.

ಸ್ವಾತಂತ್ರ್ಯದ ತರುವಾಯವೂ ಆ ರೈಫಲ್ಲು ಪೋಲೀಸರ ಕೈಯಲ್ಲಿ ಉಳಿಯಿತು. ೨೦೦೮ರ ನವೆಂಬರದಲ್ಲಿ ಮುಂಬಯಿಯ ರೇಲ್ವೆ ನಿಲ್ದಾಣದಲ್ಲಿ ಉಗ್ರರನ್ನು ಎದುರಿಸಿದ ಪೋಲೀಸರು ಹಿಡಿದಿದ್ದುದೂ ತ್ರೀ-ನಾಟ್-ತ್ರೀಯನ್ನೇ. ಉತ್ತರ ಪ್ರದೇಶದ ಪೋಲೀಸರು ೨೦೨೦ರ ಪ್ರಜಾಸತ್ತಾಕ ದಿನದಂದು ಅದಕ್ಕೆ ವಿಧಿವತ್ತಾಗಿ ವಿದಾಯ ಹೇಳಿದರು. ೧೮೮೮ರಲ್ಲಿ ಹುಟ್ಟಿದ ಒಂದು ಚಿಲಕವು ೧೩೦ ವರ್ಷಗಳಿಗೂ ಮಿಕ್ಕಿ ದುಡಿಯಿತೆಂದಂತಾಯಿತು.

೮

ಕನ್ನಡನಾಡಿನ ಇನ್ನೊಂದು ಮೂಲೆಯ ಕಥೆಯನ್ನು ಇದರೊಡನೆ ಹೋಲಿಸಿ ನೋಡುವುದು ಉಚಿತವು. ೧೮೫೭ರಲ್ಲಿ ಕೊಡಗರು ಇಂಗ್ರೇಜರಿಗೆ ನಿಷ್ಠರಾಗಿದ್ದರೆಂಬ ಕಾರಣದಿಂದ ೧೮೬೧ರಲ್ಲಿ ಅವರಿಗೆ ಶಸ್ತ್ರಕಾಯದೆಯಿಂದ ವಿನಾಯಿತಿಯು ದೊರೆಯಿತು. ಕೊಡವ ಜನಾಂಗದವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಆ ವಿನಾಯಿತಿಯು ಇಂದಿಗೂ ನಡೆದುಬಂದಿದೆ. ಕೇಂದ್ರ ಸರಕಾರವು ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಿತು, ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿದ ಮೇಲೆ ಅದನ್ನು ಕೈಗೆತ್ತಿಕೊಂಡು ಗುರಿಹೊಡೆಯುವರು. ನಮ್ಮ ಖಂಡೇಪೂಜೆಯಲ್ಲಿ ಪೂಜೆಯು ಮುಗಿದರೆ ಬಂದೂಕು ಮತ್ತೆ ಅಟ್ಟಕ್ಕೇರುವುದು. ಭೂಮಿಗಾಗಿ ಆಯುಧಸೇವೆ ಎಂಬ ಕಟ್ಟಳೆಯು ಜಮ್ಮಾ ರೈತನಿಗೂ ಶೇತಸನದಿಗೂ ಸಮಾನವಾಗಿಯೇ ಇತ್ತು. ಒಬ್ಬನ ಕೋವಿಯು ಮನೆಯಲ್ಲಿ ಉಳಿಯಿತು. ಇನ್ನೊಬ್ಬನದು ಲಾವಣಿಯಲ್ಲಿ ಉಳಿಯಿತು. ಈ ಭೇದವು ಶೌರ್ಯದ ಹೆಚ್ಚುಕಡಿಮೆಯಿಂದ ಬಂದುದಲ್ಲ. ೧೮೨೪ರಿಂದ ೧೮೫೮ರ ವರೆಗೆ ಯಾರು ಯಾವ ಪಕ್ಷದಲ್ಲಿ ನಿಂತರೆಂಬುದರಿಂದ ಬಂದುದು.

೯

ಇನ್ನು ಸಂಗ್ರಹದ ವಿಷಯ. ನಮ್ಮಲ್ಲಿ ಹಳೆಯ ಆಯುಧಗಳ ಬಗ್ಗೆ ಎರಡು ಬಗೆಯ ಭಯಗಳಿವೆ. ಕೆಲವರು ಪೋಲೀಸರ ಕಿರಿಕಿರಿಗೆ ಅಂಜಿ ಅಜ್ಜನ ಬಂದೂಕನ್ನು ಬಾವಿಗೆ ಎಸೆಯುವರು, ಇಲ್ಲವೆ ಗುಜರಿಗೆ ಹಾಕುವರು. ಇನ್ನು ಕೆಲವರು ಅದನ್ನು ಯಾರಿಗೂ ತಿಳಿಸದೆ ಅಡಗಿಸಿಡುವರು. ಎರಡೂ ತಪ್ಪು. ೧೯೫೯ರ ಶಸ್ತ್ರಕಾಯದೆಯ ೪೫ನೆಯ ಕಲಮು, ಹಳೆಯ ಮಾದರಿಯ ಅಥವಾ ಪುರಾತನ ಬೆಲೆಯುಳ್ಳ ಅಥವಾ ಕೆಟ್ಟುಹೋದ ಆಯುಧವು ದುರಸ್ತಿ ಮಾಡಿದರೂ ಮಾಡದಿದ್ದರೂ ಹೊಡೆಯಲು ಬಾರದಂತಿದ್ದರೆ ಅದನ್ನು ಕಾಯದೆಯಿಂದ ಹೊರಗಿಡುತ್ತದೆ. ಹೊಡೆಯಬಲ್ಲ ಸ್ಥಿತಿಯಲ್ಲಿದ್ದರೆ ಅದಕ್ಕೆ ಲೈಸೆನ್ಸು ಬೇಕೇ ಬೇಕು; .೩೦೩ ಅಂತೂ ನಿಷಿದ್ಧ ಅಳತೆಯದು. ೨೦೧೯ರ ತಿದ್ದುಪಡಿಯ ಪ್ರಕಾರ ಒಬ್ಬನು ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇಟ್ಟುಕೊಳ್ಳಲಾಗದು. ೧೯೭೨ರ ಪ್ರಾಚ್ಯವಸ್ತು ಕಾಯದೆಯ ಮೇರೆಗೆ, ನೂರು ವರ್ಷ ಮೀರಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. ಸಂಶಯವಿದ್ದಲ್ಲಿ ತಿಳಿದ ವಕೀಲರನ್ನು ಕೇಳಿ, ಲಿಖಿತವಾಗಿ ಠಾಣೆಗೆ ತಿಳಿಸುವುದೇ ಮೇಲು.

ಅಟ್ಟದಿಂದ ಹಳೆಯ ಬಂದೂಕನ್ನು ಇಳಿಸಿದಾಗ ಮೊದಲು ನೆನೆಯತಕ್ಕ ಸಂಗತಿಯೆಂದರೆ, ಅದು ತುಂಬಿದ್ದಿರಬಹುದು. ಅಜ್ಜನು ತುಂಬಿಟ್ಟ ಮದ್ದು ಒಣಗಿದ್ದಲ್ಲಿ ನೂರು ವರ್ಷಗಳ ಮೇಲೂ ಹೊತ್ತೀತು. ಆದುದರಿಂದ ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ಬೆಂಕಿಯಿಂದ ದೂರವಿಟ್ಟು, ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ಎರಡನೆಯದಾಗಿ, ಹುಣಸೆಹಣ್ಣಿನಿಂದಲೋ ಮರಳುಕಾಗದದಿಂದಲೋ ತಿಕ್ಕಿ ಬೆಳ್ಳಗೆ ಮಾಡಬಾರದು. ತಿಕ್ಕಿದೊಡನೆ ಅದರ ಮೇಲಿನ ಅಕ್ಷರಗಳು ಅಳಿಸುವವು, ಅಕ್ಷರಗಳು ಹೋದರೆ ಅದರ ಜಾತಕವೇ ಹೋದಂತೆ.

ಆ ಅಕ್ಷರಗಳನ್ನು ಓದುವುದು ಕಷ್ಟವಲ್ಲ. ಇಂಗ್ರೇಜರ ದಂಡಿನ ಬಂದೂಕಾದರೆ ಹಿಂಭಾಗದ ಬಲಮಗ್ಗುಲಲ್ಲಿ ಕಿರೀಟದ ಗುರುತೂ ಅದರ ಕೆಳಗೆ ದೊರೆಯ ಅಕ್ಷರಗಳೂ ಇರುವವು: ವಿ. ಆರ್. ಎಂದಿದ್ದರೆ ೧೯೦೧ಕ್ಕಿಂತ ಹಿಂದಿನ ವಿಕ್ಟೋರಿಯಾ ರಾಣಿಯ ಕಾಲ, ಇ. ಆರ್. ಎಂದಿದ್ದರೆ ೧೯೦೧ರಿಂದ ೧೯೧೦ರ ವರೆಗಿನ ಏಳನೆಯ ಎಡ್ವರ್ಡನ ಕಾಲ, ಜಿ. ಆರ್. ಎಂದಿದ್ದರೆ ಆ ಮುಂದಿನ ಜಾರ್ಜರ ಕಾಲ. ಅದರ ಕೆಳಗೆ ಕಾರಖಾನೆಯ ಹೆಸರೂ ಇಸವಿಯೂ ಇರುವವು. ಅಗಲ ಬಾಣದ ಗುರುತು ಸರಕಾರದ ಸೊತ್ತೆಂಬುದರ ಚಿಹ್ನೆ. ಮೊನೆಗೆ ಮೊನೆ ತಾಗಿಸಿದ ಎರಡು ಬಾಣಗಳಿದ್ದರೆ ಸೈನ್ಯವು ಅದನ್ನು ಮಾರಿಹಾಕಿತೆಂದು ಅರ್ಥ. ಆದರೆ ಎಚ್ಚರಿಕೆಯೂ ಬೇಕು. ವಾಯವ್ಯ ಗಡಿಯ ಪಠಾಣ ಕಮ್ಮಾರರು ಮಾರ್ಟಿನಿಯನ್ನೂ ಲೀ-ಎನ್‌ಫೀಲ್ಡನ್ನೂ ಕೈಯಿಂದಲೇ ನಕಲು ಮಾಡುವುದರಲ್ಲಿ ನಿಪುಣರು. ಇಂಗ್ರೇಜಿಯನ್ನು ಓದಲು ಬಾರದೆ ಚಿತ್ರದಂತೆ ಕೊರೆದ ಅವರ ಬಂದೂಕುಗಳಲ್ಲಿ ಅಕ್ಷರಗಳು ತಿರುವುಮುರುವಾಗಿರುವುದುಂಟು. ರಾಣಿಯು ಸತ್ತ ಮೇಲಿನ ಇಸವಿಗೆ ರಾಣಿಯ ಅಕ್ಷರಗಳು ಕೂಡಿದ್ದರೆ ಅದು ನಕಲೆಂದು ತಿಳಿಯಬೇಕು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹೆಚ್ಚಿನ ಬೆಲೆ ತೆತ್ತು ಮೋಸಹೋದವರು ಅನೇಕರು.

ಇಷ್ಟಾದರೂ ಬಂದೂಕಿನ ನಿಜವಾದ ಬೆಲೆಯು ಕಬ್ಬಿಣದಲ್ಲಿಲ್ಲ. ಅದು ಯಾರದು, ಯಾವ ಚಾಕರಿಗಾಗಿ ಬಂದಿತು, ಯಾವ ವರ್ಷ ಸರಕಾರಕ್ಕೆ ಒಪ್ಪಿಸಲ್ಪಟ್ಟಿತು, ಹೇಗೆ ಮರಳಿತು ಎಂಬ ವಿವರಗಳಿಲ್ಲದಿದ್ದರೆ ಅದು ಬರಿಯ ನಳಿಗೆ. ನಮ್ಮ ವಾಡೆಗಳ ಪೆಟ್ಟಿಗೆಗಳಲ್ಲಿ ಮೋಡಿ ಅಕ್ಷರದ ಸನದುಗಳು, ಹಳೆಯ ಲೈಸೆನ್ಸು ಪುಸ್ತಕಗಳು, ಪಿಂಚಣಿಯ ಚೀಟಿಗಳು ಹುಳ ಹಿಡಿದು ಬಿದ್ದಿರುವವು. ಬಂದೂಕಿಗಾದರೂ ಹೆದರಿಕೆಯ ಕಾವಲಿದೆ. ಕಾಗದಕ್ಕೆ ಯಾವ ಕಾವಲೂ ಇಲ್ಲ. ವಾಡೆಯನ್ನು ಕೆಡವಿ ಹೊಸ ಮನೆಯನ್ನು ಕಟ್ಟುವ ದಿನ ಅವೆಲ್ಲ ರದ್ದಿಯವನ ಗಾಡಿಯನ್ನು ಏರುವವು. ಮೋಡಿಯನ್ನು ಓದಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿರುವರು. ಕಬ್ಬಿಣವನ್ನು ಇನ್ನೊಂದು ಕಡೆ ನೋಡಬಹುದು. ಈ ಕಾಗದಗಳು ಹೋದರೆ ಇನ್ನೊಂದು ಕಡೆ ಇಲ್ಲ.

೧೦

ಕಿತ್ತೂರ ಕೋಟೆಯ ಆವರಣದಲ್ಲಿ ಸರಕಾರಿ ವಸ್ತುಸಂಗ್ರಹಾಲಯವಿರುವುದನ್ನು ವಾಚಕರು ನೋಡಿಯೇ ಇರುವರು. ಅಲ್ಲಿಯಾಗಲಿ ಮುಂದೆ ಈ ನಾಡಿನಲ್ಲಿ ಏಳಬಹುದಾದ ಬೇರೆ ಸಂಗ್ರಹಗಳಲ್ಲಿಯಾಗಲಿ ಬಂದೂಕುಗಳ ಸಾಲನ್ನು ಕ್ರಮವಾಗಿ ಜೋಡಿಸುವ ಪ್ರಸಂಗವು ಬಂದರೆ ನಮ್ಮದೊಂದು ಸೂಚನೆಯಿದೆ. ಜಾಮಗಿ, ಚಕಮಕಿ, ಕೇಪಿನ ಬಂದೂಕುಗಳನ್ನು ಇಟ್ಟ ತರುವಾಯ, ಬೇರೆ ಊರಿನಿಂದ ಒಂದು ಲೀ-ಮೆಟ್‌ಫರ್ಡನ್ನು ತಂದು ಆ ಸ್ಥಳವನ್ನು ತುಂಬುವ ಅವಸರವನ್ನು ಮಾಡಬಾರದು. ಅಲ್ಲಿ ಒಂದು ಬಂದೂಕಿನಷ್ಟು ಸ್ಥಳವನ್ನು ಬರಿದಾಗಿಯೇ ಬಿಟ್ಟು, ಕೆಳಗೆ ೧೮೫೭, ೧೮೭೮ ಎಂಬ ಎರಡು ಕಾಯದೆಗಳ ಇಸವಿಗಳನ್ನು ಬರೆದಿಡಬೇಕು. ನೋಡಲು ಬಂದ ಮಕ್ಕಳು ಇಲ್ಲಿ ಏಕೆ ಏನೂ ಇಲ್ಲವೆಂದು ಕೇಳುವರು. ಆಗ ಅವರಿಗೆ ಹಲಗಲಿಯ ಕಥೆಯನ್ನೂ ಸುರೇಬಾನದ ಕಥೆಯನ್ನೂ ಹೇಳಬಹುದು.

ಆಯುಧಗಳು ಮತ್ತೆ ಮನೆಮನೆಗೆ ಬರಲೆಂಬುದು ಈ ಲೇಖಕನ ಇಚ್ಛೆಯಲ್ಲ. ಸ್ವರಾಜ್ಯದಲ್ಲಿ ಪ್ರಜೆಯ ಬಲವು ಮತಪೆಟ್ಟಿಗೆಯಲ್ಲಿದೆ, ಅದು ಅಲ್ಲಿಯೇ ಇರಲಿ. ಆದರೆ ಒಂದು ಕಾಲದಲ್ಲಿ ನಮ್ಮಿಂದ ಏನನ್ನು ಕಸಿದುಕೊಂಡರೆಂಬುದು ನಮಗೆ ನೆನಪಿರಬೇಕು. ಆದುದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಗೃಹಸ್ಥರಲ್ಲಿ ನಮ್ಮ ಅರಿಕೆ ಇಷ್ಟೇ. ಈ ವರ್ಷದ ಖಂಡೇಪೂಜೆಯ ದಿನ ಆಯುಧಗಳನ್ನು ಕೆಳಗಿಳಿಸಿದಾಗ, ಮನೆಯ ಹಿರಿಯರನ್ನು ಕೂಡಿಸಿಕೊಂಡು, ಒಂದೊಂದರ ವೃತ್ತಾಂತವನ್ನೂ ಅವರ ಬಾಯಿಂದ ಕೇಳಿ ಒಂದು ಹಾಳೆಯಲ್ಲಿ ಬರೆದಿಡಿರಿ. ಪೆಟ್ಟಿಗೆಯ ತಳದ ಕಾಗದಗಳನ್ನು ಬಿಸಿಲಿಗೆ ತೋರದೆ, ನೆರಳಲ್ಲಿ ಹರವಿ, ಬಲ್ಲವರಿಗೆ ತೋರಿಸಿರಿ. ಕಸಿದುಕೊಂಡ ಹತಿಯಾರಗಳು ಇನ್ನು ಮರಳಲಾರವು. ಉಳಿದಿರುವ ಮಾತುಗಳನ್ನಾದರೂ ನಾವೇ ಕಳೆದುಕೊಳ್ಳದಿರೋಣ.